ಅತ್ತೆಗೆ ಇನ್ನೊಂದು ಪದ

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಹದಿನೈದು ದಿನ ಆಗಿಹೋಗಿತ್ತು. ತಿಳಿಸಿದವಳು ಯಡಿಯೂರಿನ ಗೌಡರ ಸೊಸೆ. ಆ ಗೌಡರ ಮನೆಯಲ್ಲೇ ಮೇಷ್ಟ್ರು ಬಾಡಿಗೆಗಿದ್ದದ್ದು. ತರಕಾರಿ ಅಂಗಡಿಯ ಮುಂದೆ ಸಿಕ್ಕಿ, "ಮೇಷ್ಟ್ರು ಹೋಗ್ಬಿಟ್ರಲ್ಲ ಅಕ್ಕಾ, ನಿಮಗೆ ಗೊತ್ತಾಗ್ಲಿಲ್ವಾ?" ಅಂದಳು. ನನಗೆ ದುಃಖಕ್ಕಿಂತ ಮೊದಲು ಕೋಪ ಬಂತು. ಒಂದು ಮಾತು ಹೇಳಿ ಕಳಿಸಬಾರದಿತ್ತೇ ಅಂತ ನಡುರಸ್ತೆಯಲ್ಲೇ ಅವಳ ಮೇಲೆ ರೇಗಿದೆ. ಮನೆಗೆ ಬಂದು ಹುರುಳಿಕಾಯಿ ಬಿಡಿಸುತ್ತಾ ಕೂತಾಗ ಅಳು ಬಂತು. ನಾನು ಮೊದಲಿನಿಂದಲೂ ಹೀಗೇ. ಮೊದಲು ಸಿಡುಕು, ಮಿಕ್ಕದ್ದೆಲ್ಲ ಆಮೇಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೇ ಹೆಸರುಗಳೆಂದರೆ ಅಷ್ಟಕ್ಕಷ್ಟೆ. ಕ್ರೈಸ್ತರೂ ಓದುವ ಇಬ್ರಿಯರ ಹಳೆಯ ಗ್ರಂಥದ ಕಥೆಗಳನ್ನು ಇಪ್ಪತ್ತು ವರ್ಷ ಚಿತ್ರವಾಗಿ ಬರೆದ ಮನುಷ್ಯ ಆ ಕಥೆಗಳಲ್ಲಿ ಬರುವ ಒಬ್ಬರ ಹೆಸರನ್ನೂ ನಮ್ಮೆದುರು ಎತ್ತಿದ್ದಿಲ್ಲ. 'ಒಬ್ಬ ಮುದುಕ ಇದ್ದ', 'ಒಬ್ಬ ಅಣ್ಣ, ಒಬ್ಬ ತಮ್ಮ', 'ಕುರಿ ಕಾಯೋನೊಬ್ಬ', ಅಷ್ಟೇ. ಸ್ಟಾಫ್ ರೂಮಿನಲ್ಲಿ ಚರಿತ್ರೆಯ ಮೇಷ್ಟ್ರು ಒಮ್ಮೆ ಕೆಣಕಿದರು.

"ಹೆಸರೇ ಇಲ್ದೆ ಅದೆಂಥ ಕಥೆ ಸಾರ್?"

ಇವರು ಬಸಿಯಲ್ಲಿ ಕಾಫಿ ಆರಿಸಿಕೊಳ್ಳುತ್ತಾ ಹೇಳಿದರು: "ಹೆಸರು ಹೇಳಿದ ತಕ್ಷಣ ನೀವು 'ಓ, ಅದು ನಿಮ್ಮ ಮತದೋರ ಕಥೆ' ಅಂತ ದೂರ ಕೂತ್ಕೋತೀರಿ. ಒಬ್ಬ ಮುದುಕ ಅಂದ್ರೆ ನಿಮಗೆ ನಿಮ್ಮ ತಂದೆ ನೆನಪಾಗ್ತಾರೆ. ನನಗೆ ಚಿತ್ರಕ್ಕೆ ಬೇಕಾಗಿರೋದು ನಿಮ್ಮ ತಂದೇನೇ."

ಅವರು ಕೋಲಾರದ ಕಡೆಯ ಕ್ರೈಸ್ತರು. ಮನೆಯಲ್ಲೂ ಕನ್ನಡವೇ. ಮದುವೆಯಾಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ "ಜಾಗ ಇಲ್ಲ ಕಣ್ರೀ" ಅನ್ನುತ್ತಿದ್ದರು. ಅದು ನಿಜವೂ ಹೌದು. ಗೌಡರು ದನ ಕಟ್ಟುವುದನ್ನು ಬಿಟ್ಟ ಮೇಲೆ ಖಾಲಿಯಾದ ಕೊಟ್ಟಿಗೆ ಅವರ ಮನೆ. ಅದರಲ್ಲಿ ಒಂದು ಮಂಚದಷ್ಟು ಜಾಗ ಅವರದು, ಉಳಿದದ್ದೆಲ್ಲ ಚಿತ್ರಗಳದು. ಅಲ್ಲಿಂದ ಜಯನಗರದ ನಮ್ಮ ಸ್ಕೂಲಿಗೆ ನಡೆದೇ ಬರುತ್ತಿದ್ದರು. ಆಗ ಜಯನಗರ ಅಂದರೆ ಅಲ್ಲೊಂದು ಇಲ್ಲೊಂದು ಮನೆ, ಮಧ್ಯೆ ಕಲ್ಲು ನೆಟ್ಟ ಸೈಟುಗಳು, ಮುಳ್ಳಿನ ಬೇಲಿ ಕಟ್ಟಿದ ಎಳೆ ಮರಗಳು. ಬರುವ ದಾರಿಯಲ್ಲಿ ಯಾರಾದರೂ ಕಣ್ಣಿಗೆ ಬಿದ್ದರೆ ಪೆನ್ಸಿಲ್ ಹಿಡಿದು ತೋಳು ಚಾಚಿ, ಒಂದು ಕಣ್ಣು ಮುಚ್ಚಿ ಅಳತೆ ತೆಗೆದುಕೊಳ್ಳುವುದು ಅವರ ಚಾಳಿ. ಹೆಡ್‌ಮಾಸ್ಟರು ಬೈಯುತ್ತಿರುವಾಗಲೂ ಹೀಗೆ ಅಳತೆ ತೆಗೆದು ಇನ್ನಷ್ಟು ಬೈಸಿಕೊಂಡಿದ್ದಾರೆ.

ಆ ಚಿತ್ರಗಳನ್ನು ನಾನು ಮೊದಲು ನೋಡಿದಾಗ ನಕ್ಕುಬಿಟ್ಟೆ. ಲೋಕವೆಲ್ಲ ಮುಳುಗುವ ಮಹಾಪ್ರಳಯದ ಕಥೆ. ಅದಕ್ಕೆ ಇವರು ಯಡಿಯೂರು ಕೆರೆ ಒಡೆದು ನೀರು ನುಗ್ಗುವುದನ್ನು ಬರೆದಿದ್ದರು. ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ಹತ್ತಿಸಿಕೊಳ್ಳುವ ದೊಡ್ಡ ಹಡಗಿನ ಬದಲು ಕನಕಪುರ ರಸ್ತೆಯ ಬಸ್ಸು. ಕಿಟಕಿಯಲ್ಲಿ ಆಡು, ಕೋಣ, ಎರಡು ನವಿಲು. ಫುಟ್‌ಬೋರ್ಡಿನ ಮೇಲೆ ಸೀಟಿ ಕಚ್ಚಿಕೊಂಡು ನಿಂತ ಮುದುಕ ಕಂಡಕ್ಟರ್. ನಕ್ಕವಳು ಆಮೇಲೆ ಬಸ್ಸಿನ ಹಿಂದೆ ಓಡಿ ಬರುತ್ತಿದ್ದ ಜನರನ್ನು ನೋಡಿದೆ. ಅವರಿಗೆ ಜಾಗವಿರಲಿಲ್ಲ. ಅದರಲ್ಲೊಬ್ಬಳು ಮಗುವನ್ನು ಎತ್ತಿ ಕಿಟಕಿಯ ಕಡೆ ಚಾಚಿದ್ದಳು. ನನ್ನ ನಗು ಎಲ್ಲಿ ಹೋಯಿತೋ.

ಇನ್ನೊಂದು, ಆಕಾಶ ಮುಟ್ಟುವ ಗೋಪುರ ಕಟ್ಟಲು ಹೊರಟವರ ಕಥೆ. ದೇವರು ಅವರ ಭಾಷೆಗಳನ್ನು ಬೇರೆ ಬೇರೆ ಮಾಡಿದನಂತೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕೆಲಸ ನಿಂತಿತಂತೆ. ಮೇಷ್ಟ್ರು ಜಯನಗರದ ಒಂದು ಅರೆಬರೆ ಕಟ್ಟಡ ಬರೆದು ಗೌಡರಿಗೆ ತೋರಿಸಿದರು. ಗೌಡರು ಬೀಡಿ ಹಚ್ಚಿಕೊಂಡು ಬಹಳ ಹೊತ್ತು ನೋಡಿ, "ಇದು ನಮ್ಮೂರಾಗೆ ನಡೆಯಾಕಿಲ್ಲ ಮೇಷ್ಟ್ರೇ. ನಮ್ಮ ಮೇಸ್ತ್ರಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಆಡ್ತಾನೆ. ಮಾತು ತಿಳೀದಿದ್ರೆ ಕೆಲಸ ನಿಲ್ಲಾಕಿಲ್ಲ, ಸಿಮೆಂಟು ಬರ್ದಿದ್ರೆ ನಿಲ್ತದೆ" ಅಂದರು. ಮೇಷ್ಟ್ರು ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಚಿತ್ರದ ಗೋಪುರದ ನೆತ್ತಿಯ ಮೇಲೆ ನಾಲ್ಕು ಜನ ಆಳುಗಳು ಚೌಕಾಬಾರ ಆಡುತ್ತಾ, ಸಿಮೆಂಟಿಗೆ ಕಾಯುತ್ತಾ ಕೂತಿದ್ದರು. "ಗೌಡ್ರು ಹೇಳಿದ್ದು ಸರಿ ಮೇಡಂ, ನಾನೇ ಊರು ನೋಡದೆ ಬರೆದಿದ್ದೆ" ಅಂತ ನನ್ನ ಹತ್ತಿರ ಒಪ್ಪಿಕೊಂಡರು. ಯಾರು ಏನು ಹೇಳಿದರೂ ಕೇಳಿಸಿಕೊಳ್ಳುವ ಗುಣ ಅವರದು, ನನಗಿಲ್ಲದ್ದು.

ಕ್ಯಾನ್ವಾಸ್ ಕೊಳ್ಳುವ ಶಕ್ತಿ ಇರಲಿಲ್ಲ. ಸ್ಕೂಲಿನಲ್ಲಿ ಹರಿದು ಮೂಲೆಗೆ ಬಿದ್ದ ಭೂಪಟಗಳಿಗೆ ಹಿಂದುಗಡೆ ಬಟ್ಟೆ ಅಂಟಿಸಿರುತ್ತಿತ್ತಲ್ಲ, ಆ ಬಟ್ಟೆಯ ಮೇಲೆ ಪುಡಿ ಬಣ್ಣವನ್ನು ಗೋಂದಿನಲ್ಲಿ ಕಲಸಿ ಬರೆಯುತ್ತಿದ್ದರು. ಪ್ರಳಯದ ಚಿತ್ರವನ್ನು ತಿರುಗಿಸಿದರೆ ಆಸ್ಟ್ರೇಲಿಯ. ಇನ್ನು ಅವರ ದೌರ್ಬಲ್ಯವೆಂದರೆ ಕಾಲು. ಡ್ರಾಯಿಂಗ್ ಮೇಷ್ಟ್ರಿಗೆ ಕಾಲು ಬರೆಯಲು ಬರುತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ಅವರ ಚಿತ್ರದ ಜನರೆಲ್ಲ ಹುಲ್ಲಿನಲ್ಲಿ, ನೀರಿನಲ್ಲಿ, ಇಲ್ಲವೇ ಗೋಡೆಯ ಹಿಂದೆ ನಿಂತಿರುತ್ತಿದ್ದರು. ಪ್ರಳಯ ಅವರಿಗೆ ಇಷ್ಟವಾಗಿದ್ದಕ್ಕೆ ಅದೂ ಒಂದು ಕಾರಣ ಅಂತ ನಾನು ಛೇಡಿಸುತ್ತಿದ್ದೆ.

ಈಗ ನನ್ನ ವಿಷಯ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಅವರು ನನಗೆ ಏನು ಮಾಡಿದರು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಇಪ್ಪತ್ತನಾಲ್ಕು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ಟೈಫಾಯ್ಡ್‌ನಿಂದ ತೀರಿಕೊಂಡಿದ್ದರು. ಅವರು ಅತ್ತೆಗೆ ಒಬ್ಬನೇ ಮಗ. ಜಯನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ನಾನು ಕನ್ನಡ ಟೀಚರ್ ಕೆಲಸಕ್ಕೆ ಸೇರಿದೆ. ಅತ್ತೆ ಮಾತು ನಿಲ್ಲಿಸಿದರು. ಜಗಳವೇನಿಲ್ಲ. 'ಸಾರಿಗೆ ಉಪ್ಪು ಹಾಕಿದ್ದೀನಿ', 'ಹಾಲಿನವನು ಬಂದಿದ್ದ', ದಿನಕ್ಕೆ ಇಷ್ಟು.

ತುಮಕೂರಿನಿಂದ ಅಣ್ಣನ ಕಾಗದಗಳು ಬರತೊಡಗಿದವು. 'ಅಲ್ಲಿ ನಿನಗೆ ಯಾರಿದ್ದಾರೆ? ಯುಗಾದಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗ್ತೀನಿ. ಸಾಮಾನು ಕಟ್ಟಿಟ್ಟಿರು.' ಅಣ್ಣ ಕೆಟ್ಟವನಲ್ಲ. ಅವನ ಮನೆಯಲ್ಲಿ ಊಟಕ್ಕೆ, ಸೀರೆಗೆ ಕೊರತೆಯಾಗುತ್ತಿರಲಿಲ್ಲ. ಆದರೆ ಕೆಲಸಕ್ಕೆ ಕಳಿಸುವವನಲ್ಲ. ಅತ್ತಿಗೆಯ ಅಡುಗೆಮನೆಯಲ್ಲಿ ನನ್ನ ಆಯುಷ್ಯ ಮುಗಿಯುವುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಕಾಗದವನ್ನು ಅತ್ತೆಗೆ ಓದಿ ಹೇಳಿದೆ. "ನಿನ್ನೋರು ಕರೀತಿದ್ದಾರೆ, ಹೋಗು" ಅಂದರು. ಆ ಮಾತಿನಲ್ಲಿ ತೊಲಗು ಅನ್ನುವುದಿತ್ತೋ, ನಿನ್ನನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನನಗೆಲ್ಲಿದೆ ಅನ್ನುವುದಿತ್ತೋ, ನನಗೆ ತಿಳಿಯಲಿಲ್ಲ. ಇರು ಅಂತ ಒಂದು ಸಲ ಅಂದಿದ್ದರೆ ಇದ್ದುಬಿಡುತ್ತಿದ್ದೆ. ಅವರು ಅನ್ನಲಿಲ್ಲ, ನಾನು ಕೇಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಷ್ಟ್ರು ತಲೆ ಕೆಡಿಸಿಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ಒಂದು ಕಥೆಗೆ ಚಿತ್ರ ಬರೀತಿದ್ದೀನಿ. ಒಬ್ಬ ಅತ್ತೆ, ಅವಳ ಸೊಸೆ. ಗಂಡಸರೆಲ್ಲ ಸತ್ತಿದ್ದಾರೆ. ಅತ್ತೆ ಎಷ್ಟು ಹೇಳಿದ್ರೂ ಸೊಸೆ ತವರಿಗೆ ಹೋಗ್ದೆ ಅವಳ ಜೊತೇಲೇ ಹೊರಡ್ತಾಳೆ. ಗೌಡ್ರ ಮನೇಲಿ ಹೇಳಿದೆ. ಹೆಂಗಸರೆಲ್ಲ 'ಸೋದರತ್ತೆ ಅಲ್ವಾ, ಹೋಗದೆ ಇನ್ನೇನು' ಅಂದುಬಿಟ್ರು. ಅಲ್ರಮ್ಮ, ಅಪ್ಪನ ತಂಗಿ ಅಲ್ಲ ಅಂದೆ. 'ಹಂಗಾದ್ರೆ ಸೋದರಮಾವನ ಹೆಂಡ್ತಿ ಇರ್ಬೇಕು' ಅಂದ್ರು. ಇಲ್ಲ, ಅವಳ ಕುಲ ಬೇರೆ, ಇವಳ ಕುಲ ಬೇರೆ, ದೇವರೇ ಬೇರೆ ಅಂದ್ರೆ ನಂಬೋದೇ ಇಲ್ಲ."

ನಮ್ಮ ಸೀಮೆಯಲ್ಲಿ ಇದು ತಪ್ಪಲ್ಲ. ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಿಕೆಯಲ್ಲಿ ಮದುವೆಯಾದರೆ ಮೂವರೂ ಒಬ್ಬರೇ ಆದರೂ ಆದರು. ಗೌಡರ ಮನೆಯಲ್ಲಿ ಮೂರು ತಲೆಮಾರಿನಿಂದ ಹೊರಗಿನ ಹೆಣ್ಣು ತಂದದ್ದೇ ಇಲ್ಲ.

"ನೀವು ಕನ್ನಡ ಮೇಡಂ, ನೀವೇ ಹೇಳಿ. ರಕ್ತಸಂಬಂಧವೇ ಇಲ್ಲದ ಅತ್ತೆಗೆ ಕನ್ನಡದಲ್ಲಿ ಬೇರೆ ಪದ ಏನು?"

ನನಗೆ ಎಲ್ಲಿತ್ತೋ ಸಿಟ್ಟು. "ಅದಕ್ಕೂ ಅತ್ತೆ ಅಂತಲೇ ಅಂತಾರೆ ಸಾರ್. ನಮ್ಮನೇಲಿ ಒಬ್ರಿದ್ದಾರೆ" ಅಂದೆ.

ಅವರ ಮುಖ ಸಣ್ಣದಾಯಿತು. ನನ್ನ ಸ್ಥಿತಿ ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಚಿತ್ರದ ಗುಂಗಿನಲ್ಲಿ ಹೊಳೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕ್ಷಮಿಸಿ ಅಂದು ಎದ್ದು ಹೋಗುತ್ತಿದ್ದರು. ಇವರು ಕೂತಲ್ಲಿಂದಲೇ, "ಅವರನ್ನ ಒಂದ್ಸಲ ನೋಡಬಹುದಾ ಮೇಡಂ?" ಅಂದರು.

ಅತ್ತೆ ಒಪ್ಪಲಾರರು ಅಂದುಕೊಂಡೇ ಕೇಳಿದೆ. "ಬರ್ಲಿ" ಅಂದರು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಹಲಗೆ, ಇದ್ದಿಲು ತಂದು ವರಾಂಡದಲ್ಲಿ ಕೂತರು. ಅತ್ತೆ ಬಾಗಿಲ ಒಳಗೆ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತರು. ಕಾಫಿಯನ್ನು ಬೇರೆ ಲೋಟದಲ್ಲಿ ಕೊಡಿಸಿದರು, ಹೊರಗಿನವರಿಗೆಂದು ಕಿಟಕಿಯ ಮೇಲಿಟ್ಟಿದ್ದ ಲೋಟ. ಮೇಷ್ಟ್ರು ಕುಡಿದು, ತಾವೇ ನಲ್ಲಿಯಲ್ಲಿ ತೊಳೆದು, ಮತ್ತೆ ಕಿಟಕಿಯ ಮೇಲೆ ಬೋರಲು ಹಾಕಿದರು. ನನಗೆ ನಾಚಿಕೆಯಾಯಿತು.

ಚಿತ್ರ ಬರೆಯುತ್ತಾ ಕಥೆ ಹೇಳಿದರು. ಅತ್ತೆ ತಲೆಯೆತ್ತದೆ ಕೇಳಿದರು.

"ಇದ್ದದ್ದು ಅವಳೊಬ್ಳೇ ಸೊಸೇನಾ?"

"ಇಬ್ರು ಸೊಸೇರು, ಅಮ್ಮ. ಇನ್ನೊಬ್ಬಳು ಅತ್ತು, ಅತ್ತೆಗೆ ಮುತ್ತಿಟ್ಟು ತವರಿಗೆ ಹೋದ್ಲು."

"ಒಳ್ಳೇದು ಮಾಡಿದ್ಲು. ಅವಳ ತಪ್ಪಿಲ್ಲ." ಒಂದು ಕಲ್ಲು ಆರಿಸಿ ಎಸೆದರು. "ಈ ಹುಚ್ಚಿ ಯಾಕೆ ಬಂದ್ಲು?"

"ನೀವು ಹೋದ ಕಡೆ ನಾನೂ ಬರ್ತೀನಿ ಅಂದ್ಲು. ಯಾಕೆ ಅಂತ ಹೇಳಲಿಲ್ಲ."

"ಅತ್ತೆ ಕೇಳ್ಬೇಕಾಗಿತ್ತು" ಅಂದರು ನಮ್ಮತ್ತೆ. ಮಗ ಹೋದ ಮೇಲಿನ ಎರಡು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತುಕತೆ ಅದು. ಒಳಗೆ ಹೋಗಿ ಸುಮ್ಮನೆ ಹಾಲು ಕಾಸಿದೆ, ಕಾಸುವ ಅಗತ್ಯವೇನೂ ಇರಲಿಲ್ಲ.

ಮುಂದಿನ ಭಾನುವಾರ ಕಥೆ ಮುಂದುವರಿಯಿತು. ಇಬ್ಬರೂ ಅತ್ತೆಯ ಊರಿಗೆ ಬಂದರು, ತಿನ್ನಲು ಗತಿಯಿಲ್ಲ, ಸುಗ್ಗಿಯ ಕಾಲ, ಸೊಸೆ ಒಬ್ಬ ನೆಂಟನ ಹೊಲದಲ್ಲಿ ಹಕ್ಕಲು ಆಯಲು ಹೋದಳು. ಕೊಯ್ದ ಹೊಲದಲ್ಲಿ ಉದುರಿದ ತೆನೆ ಆಯುವುದಕ್ಕೆ ಹಕ್ಕಲು ಅನ್ನುತ್ತಾರೆಂದು ಮೇಷ್ಟ್ರಿಗೆ ಹೇಳಿಕೊಟ್ಟವರು ಗೌಡರು. ಆ ಹೊಲದ ಯಜಮಾನ ಒಳ್ಳೆಯವನು, ಆಳುಗಳಿಗೆ ಹೇಳಿ ಬೇಕೆಂದೇ ತೆನೆ ಬಿಡಿಸಿದ. ಅಲ್ಲಿಗೆ ಮೇಷ್ಟ್ರು ಕಥೆ ನಿಲ್ಲಿಸಿ ಹಲಗೆ ಕಟ್ಟಿದರು. ಆ ಮುಂದಿನ ವಾರವೂ ಅಲ್ಲಿಗೇ ನಿಲ್ಲಿಸಿದರು.

ಅಷ್ಟರಲ್ಲಿ ಚಿತ್ರ ಬೆಳೆದಿತ್ತು. ಜರಗನಹಳ್ಳಿಯ ಹತ್ತಿರ ಕನಕಪುರ ರಸ್ತೆ. ಧೂಳೆಬ್ಬಿಸಿ ಹೋಗುತ್ತಿರುವ ಬಸ್ಸಿನ ಕಿಟಕಿಯಲ್ಲಿ ತವರಿಗೆ ಹೊರಟ ಸೊಸೆಯ ಕೈ. ರಸ್ತೆಯ ಮೇಲೆ ಒಂದು ಟ್ರಂಕು, ಇಬ್ಬರು ಹೆಂಗಸರು. ಬಟ್ಟ ಬಯಲು ರಸ್ತೆ, ಕಾಲು ಬಚ್ಚಿಡಲು ಹುಲ್ಲೂ ಇಲ್ಲ, ನೀರೂ ಇಲ್ಲ. ನಾಲ್ಕನೆಯ ಭಾನುವಾರ ಅತ್ತೆ ಮೊದಲ ಸಲ ಹೊಸ್ತಿಲು ದಾಟಿ ಬಂದು ಬಗ್ಗಿ ನೋಡಿದರು.

"ಇದೇನು ಮೇಷ್ಟ್ರೇ, ಕಾಲೋ ಬದನೇಕಾಯೋ?"

ಮೇಷ್ಟ್ರು ಕಿವಿಯವರೆಗೆ ಕೆಂಪಾದರು. "ನನಗೆ ಕಾಲು ಬರಲ್ಲ ಅಮ್ಮ."

ಅತ್ತೆ ಮೆಟ್ಟಿಲ ಮೇಲೆ ಕೂತು, ಸೀರೆಯ ಅಂಚು ಗುಲಗಂಜಿಯಷ್ಟು ಸರಿಸಿ, ಎರಡೂ ಪಾದ ಮುಂದೆ ಚಾಚಿದರು. "ನೋಡಿ ಬರ್ಕೊಳ್ಳಿ. ಅರವತ್ತು ವರ್ಷ ಸವೆದಿದೆ."

ಮೇಷ್ಟ್ರು ಜನ್ಮದಲ್ಲಿ ಬರೆದ ಒಳ್ಳೆಯ ಪಾದಗಳೆಂದರೆ ಆ ಎರಡು. ಬಿರಿದ ಹಿಮ್ಮಡಿ, ಬಾಗಿದ ಕಿರುಬೆರಳು, ಎಲ್ಲ ಬಂದಿದೆ. ಸೊಸೆಯ ಪಾದ ಮಾತ್ರ ಟ್ರಂಕಿನ ಹಿಂದೆ ಮರೆಯಾಗಿದೆ. ನನ್ನನ್ನು ಕೇಳಲು ಅವರಿಗೆ ಸಂಕೋಚ. ಆ ದಿನ ಕಾಫಿ ನಾವೇ ಕುಡಿಯುವ ಲೋಟದಲ್ಲಿ ಬಂತು.

ಕಾಫಿ ಮುಗಿದ ಮೇಲೆ ಅತ್ತೆ ಕೇಳಿದರು. "ಆ ಹುಡುಗಿ ಆಮೇಲೇನಾದ್ಲು?"

"ಅಷ್ಟೇ ಅಮ್ಮ ಕಥೆ."

"ಹೊಲದಲ್ಲಿ ನಿಲ್ಲಿಸಿದ್ರೆ ಕಥೆ ಆಗುತ್ತಾ? ನಾನೇನು ಚಿಕ್ಕ ಹುಡುಗೀನಾ? ಹೇಳಿ."

ಮೇಷ್ಟ್ರು ನನ್ನ ಮುಖ ನೋಡಿದರು. ಆ ಕಥೆಯ ಕೊನೆ ನನಗೂ ಗೊತ್ತಿರಲಿಲ್ಲ. ಅವರು ಇದ್ದಿಲನ್ನು ಕರವಸ್ತ್ರದಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಅತ್ತೇನೇ ಯೋಚನೆ ಮಾಡಿದ್ಲು ಅಮ್ಮ. ಸೊಸೆಗೆ ಸ್ನಾನ ಮಾಡಿಸಿ, ಒಳ್ಳೇ ಬಟ್ಟೆ ಉಡಿಸಿ, ಆ ಹೊಲದ ಯಜಮಾನನ ಜೊತೆ ಅವಳ ಮದುವೆ ಆಗೋ ಹಾಗೆ ಮಾಡಿದ್ಲು. ಅವರಿಗೆ ಮಗು ಆಯ್ತು. ಅತ್ತೆ ಅದನ್ನ ಮಡಿಲಲ್ಲಿ ಹಾಕ್ಕೊಂಡು ಸಾಕಿದ್ಲು."

ಅತ್ತೆ ಎದ್ದು ಒಳಗೆ ಹೋದರು. ನನ್ನ ಮೈಯೆಲ್ಲ ಉರಿಯಿತು. ಗೇಟಿನ ತನಕ ಹೋಗಿ, "ಸಾರ್, ಇನ್ಮೇಲೆ ನೀವು ನಮ್ಮನೆಗೆ ಬರೋದು ಬೇಡ. ಮಗನ್ನ ಕಳ್ಕೊಂಡೋರ ಮುಂದೆ ಹೇಳೋ ಮಾತಾ ಇದು? ನಾನೇ ಹೇಳ್ಕೊಟ್ಟು ಹೇಳಿಸಿದೆ ಅಂದುಕೊಂಡ್ರೆ ನನ್ನ ಗತಿ ಏನು?" ಅಂದೆ.

"ಅದಕ್ಕೇ ಎರಡು ವಾರ ನಿಲ್ಲಿಸಿದ್ದೆ ಮೇಡಂ" ಅಂದರು. "ಆದ್ರೆ ಅವರು ಕೇಳಿದಾಗ ಬೇರೆ ಕೊನೆ ಕಟ್ಟಿ ಹೇಳೋಕೆ ನನ್ನಿಂದ ಆಗಲ್ಲ." ಹಲಗೆಯನ್ನು ಕಂಕುಳಿಗೆ ಸೇರಿಸಿಕೊಂಡು ಯಡಿಯೂರಿನ ಕಡೆ ನಡೆದರು. ಅನ್ನಬಾರದ್ದು ಅಂದೆ ಅಂತ ಅವರು ತಿರುವು ದಾಟುವ ಮೊದಲೇ ಅನ್ನಿಸಿತು. ಕೂಗಿ ಕರೆಯಲಿಲ್ಲ.

ಯುಗಾದಿ ಕಳೆಯಿತು. ಅಣ್ಣ ಬಂದ. ನಾನು ಟ್ರಂಕು ಕಟ್ಟಿಟ್ಟಿದ್ದೆ, ಸ್ಕೂಲಿಗೆ ರಾಜೀನಾಮೆಯನ್ನೂ ಬರೆದಿಟ್ಟಿದ್ದೆ, ಕೊಟ್ಟಿರಲಿಲ್ಲ. ಅತ್ತೆ ಅವನಿಗೆ ಊಟ ಬಡಿಸಿ, ಮಜ್ಜಿಗೆ ಹಾಕಿ, ಅವನು ಕೈ ತೊಳೆದು ಬಂದ ಮೇಲೆ ಹೇಳಿದರು.

"ಇವಳು ಬರಲ್ಲಪ್ಪ. ನಾನು ಇವಳಿಗೆ ಗಂಡು ನೋಡ್ತಿದ್ದೀನಿ. ನೀನೂ ನೋಡು."

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೂಗಾಡಿದ. ತಲೆಯೆತ್ತಿ ತಿರುಗುವ ಹಾಗಿಲ್ಲ, ಉಳಿದ ಹೆಣ್ಣುಮಕ್ಕಳ ಮದುವೆ ಹೇಗೆ, ನಿಮಗೆ ಮಗ ಸತ್ತ ದುಃಖದಲ್ಲಿ ಬುದ್ಧಿ ಕೆಟ್ಟಿದೆ ಅಂತ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ನೀನು ನೋಡ್ಬೇಡ. ನಾನೇ ನೋಡ್ತೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಎರಡು ವರ್ಷ ಕೇಳದಿದ್ದದ್ದನ್ನು ಕೇಳಿದರು: "ನಿನಗೆ ಏನು ಬೇಕು, ಹೇಳು." ನಾನು ಟ್ರಂಕು ಬಿಚ್ಚಿ ಸೀರೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿಟ್ಟೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಮುಂದೆ ಹೋಗಿ ನಿಂತೆ. "ಸಾರ್, ಭಾನುವಾರ ಬನ್ನಿ. ಚಿತ್ರ ಇನ್ನೂ ಮುಗಿದಿಲ್ಲವಲ್ಲ" ಅಂದೆ. ಅವರು ಪೆನ್ಸಿಲ್ ಹಿಡಿದು ಒಂದು ಕಣ್ಣು ಮುಚ್ಚಿ ನನ್ನ ಅಳತೆ ತೆಗೆದುಕೊಂಡರು. ನನಗೆ ನಗು ಬಂತು.

ಅತ್ತೆ ನೋಡಿದ ಗಂಡು ಅವರ ಯಜಮಾನರ ಕಡೆಯ ದೂರದ ನೆಂಟರೇ, ಅಂಚೆ ಕಚೇರಿಯಲ್ಲಿ ಕೆಲಸ, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಮ್ಮ ಜೊತೆ ಅತ್ತೆಯೂ ಇರಬೇಕು ಅನ್ನುವುದು ನನ್ನ ಒಂದೇ ಷರತ್ತು. ಅದಕ್ಕೆ ಅವರು, "ಅವರು ಇರ್ಲಿ ಅಂತಾನೇ ನಾನು ಒಪ್ಪಿದ್ದು, ನಿಮ್ಮ ಕೋಪದ ಸುದ್ದಿ ಕೇಳಿದ್ದೀನಿ" ಅಂದರು. ಮೂವತ್ತು ವರ್ಷವಾಯಿತು, ಈಗಲೂ ಹಾಗೇ ಮಾತಾಡುತ್ತಾರೆ.

ಪುರೋಹಿತರು ಯಾರೂ ಸಿಗಲಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಗಂಡಿನ ಕಡೆಯಿಂದ ನಾಲ್ಕು ಜನ ಬಂದು ಒಂದು ಬದಿಯ ಕುರ್ಚಿಗಳಲ್ಲಿ ಕೂತರು. ನನ್ನ ಕಡೆಯ ಕುರ್ಚಿಗಳಲ್ಲಿ ಅತ್ತೆ ಒಬ್ಬರೇ. ಅಣ್ಣ ಬರಬಹುದೆಂದು ಕೊನೆಯ ಗಳಿಗೆಯವರೆಗೂ ಬಾಗಿಲ ಕಡೆ ನೋಡಿದೆ. ಬಾಗಿಲ ಆಚೆ ಮೇಷ್ಟ್ರು ನಿಂತಿದ್ದರು, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಕೊಡೆ. ನಮ್ಮ ಮನೆಯ ಶುಭಕಾರ್ಯದಲ್ಲಿ ತಾವು ಎಲ್ಲಿಯವರೆಗೆ ಬರಬಹುದು ಅನ್ನುವುದು ಅವರಿಗೆ ತಿಳಿದಿರಲಿಲ್ಲ, ಅದಕ್ಕೆ ಹೊರಗೇ ನಿಂತಿದ್ದರು.

ಗುಮಾಸ್ತ ಸಾಕ್ಷಿಗಳ ಹೆಸರು ಬರೆಯುವ ಕಾಗದ ಮುಂದಿಟ್ಟುಕೊಂಡು, "ಹುಡುಗಿ ಕಡೆ ಗಂಡಸರು ಯಾರೂ ಇಲ್ವಾ?" ಅಂದ.

"ಇದ್ದಾರೆ" ಅಂದರು ಅತ್ತೆ. ಎದ್ದು ಬಾಗಿಲ ತನಕ ಹೋದರು. "ಮೇಷ್ಟ್ರೇ, ಅಲ್ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ."

ಗುಮಾಸ್ತ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ಇವರು ಹುಡುಗಿಗೆ ಏನಾಗ್ಬೇಕು?"

ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ ಅತ್ತೆಯ ಕಡೆ ನೋಡಿದರು.

"ನಮ್ಮೋರು. ಬರ್ಕೊಳ್ಳಿ" ಅಂದರು ಅತ್ತೆ, ಮತ್ತು ತಮ್ಮ ಪಕ್ಕದ ಕುರ್ಚಿಯನ್ನು ಸೆರಗಿನಿಂದ ಒರೆಸಿ ಅವರನ್ನು ಕೂರಿಸಿದರು.